ಟೈರಂಗಡಿಯ ಅರ್ಧ ಕಿವಿ

ಅವರ ಎಡಗಿವಿಯ ಮೇಲರ್ಧ ಇರಲಿಲ್ಲ. ಯಾರೋ ಹಿಡಿದು ಹರಿದ ಹಾಗೆ ಅಂಚು ಗಂಟುಗಂಟಾಗಿತ್ತು, ಚಳಿ ಬಂತೆಂದರೆ ಆ ಗಂಟು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಇಡೀ ಜಪಾನ್ ಮಾಸ್ಕ್ ಹಾಕಿಕೊಂಡಿದ್ದ ಆ ವರ್ಷಗಳಲ್ಲಿ ಅವರ ಎಡಗಡೆ ಮಾಸ್ಕಿನ ದಾರ ನಿಲ್ಲಲು ಜಾಗವೇ ಇರಲಿಲ್ಲ. ಅದಕ್ಕೇ ದಾರವನ್ನು ಟೋಪಿಗೆ ಎಳೆದು ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡಿರುತ್ತಿದ್ದರು. ಕೂಗಿದರೆ ದವಡೆ ಅಗಲವಾಗಿ ಕ್ಲಿಪ್ಪು ಟಪ್ಪನೆ ಹಾರಿ ಹೋಗುತ್ತಿತ್ತು. ದಿನಕ್ಕೆ ಹತ್ತು ಸಲವಾದರೂ ಹಾರುತ್ತಿತ್ತು.

ತ್ಸುಕುಬಾದಲ್ಲಿ ಸಂಶೋಧನಾ ಸಂಸ್ಥೆಗಳ ಸಾಲು ಮುಗಿದು ಭತ್ತದ ಗದ್ದೆ ಶುರುವಾಗುವ ಕಡೆ ಅವರ ಅಂಗಡಿ. ತಗಡಿನ ಶೆಡ್ಡು, ಮುಂದೆ ಕಾಂಕ್ರೀಟಿನ ಇಳಿಜಾರು ಅಂಗಳ, ಬಾಗಿಲಲ್ಲಿ ಸೀಮೆಎಣ್ಣೆಯ ಒಲೆ. ಎಲ್ಲರೂ ಅವರನ್ನು ತೆನ್‌ಚೋ-ಸಾನ್ ಅನ್ನುತ್ತಿದ್ದರು. ತೆನ್‌ಚೋ ಅಂದರೆ ಅಂಗಡಿಯ ಯಜಮಾನ, ಸಾನ್ ಅನ್ನುವುದು ಮರ್ಯಾದೆಗೆ. ಎಪ್ಪತ್ತು ದಾಟಿತ್ತು, ಕುಳ್ಳು ದೇಹ, ಕತ್ತಿಗೆ ಸದಾ ಒಂದು ಕೊಳಕು ಟವೆಲ್ಲು. ನನ್ನ ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ಅವಳು ಅವರಿಗೆ ಇಟ್ಟ ಹೆಸರು 'ರಾಕ್ಷಸ ಅಜ್ಜ'. ಮಗು ಸುಳ್ಳೇನೂ ಹೇಳಲಿಲ್ಲ.

ನಾನೇನು ಸಾಧುವಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ರಾಜಾಜಿನಗರದ ನಮ್ಮ ಮನೆಯಲ್ಲಿ ನನ್ನ ಕೋಪಕ್ಕೆ ತಟ್ಟೆಗಳು ಒಡೆದಿವೆ. ನಮ್ಮಮ್ಮ "ಇವಳನ್ನ ಕಟ್ಕೊಂಡೋನ ಗತಿ ಏನಪ್ಪಾ" ಅಂತ ನಿಜವಾಗಿಯೇ ಅತ್ತಿದ್ದಾಳೆ. ಕಟ್ಟಿಕೊಂಡವನು ಪಾಪ, ಧ್ವನಿ ಏರಿಸದ ಮನುಷ್ಯ. ಕೊರೊನಾ ಬರುವ ಮುಂಚಿನ ವರ್ಷ ಅವನಿಗೆ ಐಜು ಅನ್ನುವ ಊರಿನ ಕಡೆ ಕೆಲಸ ಸಿಕ್ಕಿತು. ಸುತ್ತ ಬೆಟ್ಟ, ನಡುವೆ ಬೋಗುಣಿಯ ಹಾಗೆ ಊರು, ಚಳಿಗಾಲವಿಡೀ ಹಿಮ. ನಾನು ತ್ಸುಕುಬಾದಲ್ಲಿ, ರಬ್ಬರಿನ ಮೇಲೆ ಸಂಶೋಧನೆ ಮಾಡುವವಳು. ಹೌದು, ರಬ್ಬರಿನ ಮೇಲೆಯೇ. ಈ ಕತೆಯಲ್ಲಿ ನನಗೆ ಅತಿ ನಾಚಿಕೆಯ ಸಂಗತಿ ಅದೇ.

ಮೊದಮೊದಲು ರೈಲಿನಲ್ಲಿ ಓಡಾಡುತ್ತಿದ್ದೆವು. ಕೊರೊನಾ ಬಂದ ಮೇಲೆ ಗಂಡನ ಸಂಸ್ಥೆಯಲ್ಲಿ ಒಂದು ನಿಯಮ ಬಂತು: ರೈಲಿನಲ್ಲಿ ಬೇರೆ ಪ್ರಾಂತ್ಯದಿಂದ ಬಂದವರ ಜೊತೆ ಇದ್ದರೆ ಎರಡು ವಾರ ಪ್ರಯೋಗಾಲಯದೊಳಗೆ ಕಾಲಿಡುವಂತಿಲ್ಲ. ಕಾರಿನಲ್ಲಿ ಬಂದರೆ ಯಾರೂ ಕೇಳುತ್ತಿರಲಿಲ್ಲ. ಪುಟ್ಟಿ ಬೆಳಿಗ್ಗೆ ಎದ್ದು ಫೋನಿನ ಪರದೆಗೆ ಮುತ್ತು ಕೊಡುವುದು, ಸಿಗ್ನಲ್ ಹೋದರೆ "ಅಪ್ಪ ಬ್ರೋಕನ್" ಅಂತ ಅಳುವುದು. ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಯಿತು. ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಹೊರಟು ನಾಲ್ಕು ಗಂಟೆ ಓಡಿಸಿ ಮಗುವನ್ನು ಅಪ್ಪನ ಮುಂದೆ ನಿಲ್ಲಿಸುವುದು ಅಂತ ತೀರ್ಮಾನಿಸಿದೆ. ಬೇಸಿಗೆ ಕಳೆಯಿತು, ಮೇಪಲ್ ಎಲೆ ಕೆಂಪಾಗಿ ಉದುರಿತು, ಡಿಸೆಂಬರ್ ಬಂತು. ಟೈರಿನ ಪ್ರಶ್ನೆ ಎದ್ದಿತು.

ಇಲ್ಲಿನವರು ಚಳಿಗಾಲಕ್ಕೆಂದೇ ಮಾಡಿದ ಮೆತ್ತನೆಯ ಟೈರ್ ಹಾಕಿಸಿಕೊಳ್ಳುತ್ತಾರೆ, ಸ್ಟಡ್‌ಲೆಸ್ ಅನ್ನುತ್ತಾರೆ ಅದಕ್ಕೆ. ಬೇಸಿಗೆಗೆ ಬೇರೆ ಟೈರು. ವರ್ಷಕ್ಕೆ ಎರಡು ಸಲ ಬದಲಾಯಿಸಬೇಕು, ಬಿಚ್ಚಿದ ನಾಲ್ಕು ಚಕ್ರವನ್ನು ಎಲ್ಲಾದರೂ ಇಡಬೇಕು. ನಮ್ಮದು ಎರಡನೇ ಮಹಡಿಯ ಎರಡು ಕೋಣೆ. ಬಾಲ್ಕನಿಯಲ್ಲಿ ಇಡೋಣವೆಂದರೆ ಬೆಂಕಿ ಬಿದ್ದರೆ ಓಡುವ ದಾರಿ ಅದು, ಟೈರ್ ಕೂಡದು ಅಂತ ಮನೆ ಕೊಟ್ಟ ಏಜೆನ್ಸಿಯ ಚೀಟಿ. ಆಗ ಕಣ್ಣಿಗೆ ಬಿದ್ದದ್ದು ಆಲ್-ಸೀಸನ್ ಟೈರು. ವರ್ಷವಿಡೀ ಒಂದೇ. ಟೈರಿನ ಪಕ್ಕೆಯಲ್ಲಿ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತಿದ್ದರೆ ಹೆದ್ದಾರಿಯಲ್ಲಿ ಚಳಿಗಾಲದ ತಪಾಸಣೆಯಲ್ಲೂ ಬಿಡುತ್ತಾರೆ. ಇನ್ನೇನು ಬೇಕು? ಐದು ಕಂಪನಿಯ ಟೈರ್‌ಗಳ ರಬ್ಬರಿನ ಚೂರು ತರಿಸಿಕೊಂಡು ನನ್ನದೇ ಪ್ರಯೋಗಾಲಯದ ಶೀತಕೋಣೆಯಲ್ಲಿ ಮೈನಸ್ ಹದಿನೈದು ಡಿಗ್ರಿಯಲ್ಲಿ ಮಂಜುಗಡ್ಡೆಯ ಮೇಲೆ ಎಳೆದು ಅಳೆದೆ. ಒಂದು ಚೂರು ಸೊಗಸಾಗಿ ಹಿಡಿಯಿತು. ಪಟ್ಟಿ ಮಾಡಿ, ಬಣ್ಣ ಹಚ್ಚಿ, ಪ್ರಿಂಟ್ ತೆಗೆದುಕೊಂಡು ತೆನ್‌ಚೋ-ಸಾನ್ ಅಂಗಡಿಗೆ ಹೋದೆ. ಎಂಥ ಜಂಭ ಅಂತೀರಿ, ನೆನೆಸಿಕೊಂಡರೆ ಈಗ ಮೈ ಪರಚಿಕೊಳ್ಳುವಂತಾಗುತ್ತದೆ.

ಅವರು ನನ್ನ ಪಟ್ಟಿಯ ಕಡೆ ನೋಡಲೇ ಇಲ್ಲ. ಮೂರು ಪ್ರಶ್ನೆ ಕೇಳಿದರು.

"ಯಾವ ದಾರಿ?"

"ಐಜು. ಇನಾವಾಶಿರೋ ಕೆರೆ ದಾಟಿ."

"ಎಷ್ಟು ಹೊತ್ತಿಗೆ?"

"ಬೆಳಿಗ್ಗೆ. ಬೆಟ್ಟಕ್ಕೆ ಬರೋ ಹೊತ್ತಿಗೆ ಒಂಬತ್ತು, ಹತ್ತು ಗಂಟೆ."

"ಹಿಂದಿನ ಸೀಟಿನಲ್ಲಿ ಯಾರು?"

ನಾನು ಪಕ್ಕದಲ್ಲಿ ನಿಂತಿದ್ದ ಪುಟ್ಟಿಯನ್ನು ತೋರಿಸಿದೆ.

ಕ್ಲಿಪ್ಪು ಹಾರಿತು. "ಡಾಮೆ!" ಅಂತ ಗುಡುಗಿದರು, ಕೂಡದು ಅಂತ. ಆಮೇಲೆ ಬಂದದ್ದು ನಾನು ಆರು ವರ್ಷದಲ್ಲಿ ಕಲಿತ ಜಪಾನಿ ಭಾಷೆಯಲ್ಲಿ ಎಲ್ಲೂ ಇರದ ಮಾತುಗಳು. ತಲೆ ಇದೆಯಾ ನಿನಗೆ, ಮಗುವನ್ನು ಕೊಲ್ಲೋಕೆ ಟೈರ್ ಕೊಳ್ತೀಯಾ, ಆ ದಾರಿಗೆ ಇದನ್ನು ನಾನು ಮಾರಲ್ಲ, ಹೋಗು! ನಾನು ಪಟ್ಟಿಯನ್ನು ಅವರ ಮುಖಕ್ಕೆ ಹಿಡಿದು, "ನಾನು ರಬ್ಬರಿನಲ್ಲಿ ಡಾಕ್ಟರೇಟ್ ಮಾಡಿದ್ದೀನಿ, ಇದು ನಾನೇ ಅಳೆದದ್ದು" ಅಂದೆ. ಅವರು "ಹಾಕಸೆಯಂತೆ, ಹಾಕಸೆ!" ಅಂತ ಅಣಕಿಸಿ ಆ ಹಾಳೆಯನ್ನು ಕಿತ್ತುಕೊಂಡು ಉಂಡೆ ಮಾಡಿ ಒಲೆಯ ಮೇಲೆ ಎಸೆದರು. ಭಗ್ಗನೆ ಹತ್ತಿಕೊಂಡಿತು. ನನ್ನ ಪಿತ್ತ ನೆತ್ತಿಗೇರಿತು. ಬಿಚ್ಚಿದ ಚಕ್ರ ಇಡೋಕೆ ನನಗೆ ಜಾಗ ಇಲ್ಲ ಅಂತ ಜಪಾನಿಯಲ್ಲಿ ಎರಡು ಸಲ ಕೂಗಿ, ಆಮೇಲೆ ಕನ್ನಡದಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ. ಮುದಿ ಗೂಬೆ ಅಂದೆ, ನಿನ್ನ ಅಂಗಡಿಗೆ ಬೆಂಕಿ ಬೀಳಾ ಅಂದೆ. ಅರ್ಥವಾಗದಿದ್ದರೇನು, ಧಾಟಿ ಮುಟ್ಟುತ್ತದಲ್ಲ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಬೀಸಿ ಎಸೆದರು. ನನ್ನ ಮೇಲಲ್ಲ, ಗೋಡೆಗೆ ಒರಗಿಸಿದ್ದ ಒಂದು ಕಬ್ಬಿಣದ ರಿಮ್ಮಿಗೆ. ದೇವಸ್ಥಾನದ ಗಂಟೆಯ ಹಾಗೆ ಅದು ಮೊಳಗಿತು. ಪುಟ್ಟಿ ಹೆದರಿ ನಿಂತಲ್ಲೇ ಉಚ್ಚೆ ಮಾಡಿಕೊಂಡಳು.

ಒದ್ದೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಹೆದ್ದಾರಿಯ ಪಕ್ಕದ ದೊಡ್ಡ ಅಂಗಡಿಗೆ ಹೋಗಿ ಅದೇ ಆಲ್-ಸೀಸನ್ ನಾಲ್ಕು ಹಾಕಿಸಿದೆ. ಅಲ್ಲಿನ ಹುಡುಗಿ ನಡು ಬಗ್ಗಿಸಿ ನಮಸ್ಕರಿಸಿ, "ಹಿಮದ ಮೇಲೆ ಚೆನ್ನಾಗಿದೆ, ಮಂಜುಗಡ್ಡೆ ಕಟ್ಟಿದ್ದರೆ ಮಾತ್ರ ದಯವಿಟ್ಟು ಹುಷಾರು" ಅಂದು ಒಂದು ಚೀಟಿ ಕೊಟ್ಟಳು. ಹೂಂಗುಟ್ಟಿ ಚೀಟಿಯನ್ನು ಡ್ಯಾಶ್‌ಬೋರ್ಡಿನ ಡಬ್ಬಿಗೆ ತುರುಕಿದೆ.

ಮೊದಲ ಪ್ರಯಾಣ ಹೂವು ಎತ್ತಿದಷ್ಟು ಸಲೀಸು. ಹೆದ್ದಾರಿಯಲ್ಲಿ ತಪಾಸಣೆಯವನು ಬಗ್ಗಿ ಗುರುತು ನೋಡಿ ಕೈ ಬೀಸಿ ಬಿಟ್ಟ. ಬಿದ್ದ ಹಿಮದ ಮೇಲೆ ಟೈರು ಕಚ್ಚಿಕೊಂಡು ಹತ್ತಿತು. ಎರಡನೆಯದೂ ಹಾಗೇ, ಮೈನಸ್ ಹನ್ನೆರಡು ಡಿಗ್ರಿ ಇದ್ದ ದಿನ. ಅವತ್ತು ವಾಪಸ್ ಬರುವಾಗ ಬೇಕೆಂದೇ ತೆನ್‌ಚೋ-ಸಾನ್ ಅಂಗಡಿಯ ಮುಂದೆ ಹಾದು ಎರಡು ಸಲ ಹಾರ್ನ್ ಹೊಡೆದೆ. ಜಪಾನಿನಲ್ಲಿ ಹಾರ್ನ್ ಹೊಡೆಯುವುದೆಂದರೆ ಬೀದಿಯಲ್ಲಿ ನಿಂತು ಬೈದ ಹಾಗೆ. ಅವರು ತಲೆ ಎತ್ತಿ ನೋಡಿದರು. ಮತ್ತೆ ಕೆಲಸಕ್ಕೆ ಬಗ್ಗಿದರು.

ನಡುವೆ ಕೊರೊನಾ ಏರಿ ಒಂದೆರಡು ಸಲ ತಪ್ಪಿತು, ಮೂರನೆಯದು ಫೆಬ್ರವರಿಯಲ್ಲಿ. ಆಕಾಶ ತೊಳೆದಿಟ್ಟ ಹಾಗೆ ನೀಲಿ. ರಸ್ತೆಯ ಮೇಲೆ ಹಿಮವೇ ಇರಲಿಲ್ಲ, ಬರೀ ಒದ್ದೆಯಾದಂತೆ ಕಪ್ಪಗೆ ಹೊಳೆಯುತ್ತಿತ್ತು. ಸುರಂಗದಿಂದ ಹೊರಗೆ ಬಂದರೆ ಸೇತುವೆ. ಕಾರಿನೊಳಗಿನ ಅಂಕಿ ಸೊನ್ನೆ ತೋರಿಸುತ್ತಿತ್ತು. ಮೈನಸ್ ಹನ್ನೆರಡರಲ್ಲೇ ಬಂದವಳು ನಾನು, ಸೊನ್ನೆ ಏನು ಮಹಾ ಅಂದುಕೊಂಡದ್ದು ನನಗೆ ಅಕ್ಷರಕ್ಷರ ನೆನಪಿದೆ. ಪುಟ್ಟಿ ಹಿಂದೆ ಕೂತು ಅಪ್ಪನಿಗೆಂದು ಮಾಡಿದ್ದ ಕಾಗದದ ಕಿರೀಟ ಹಾಕಿಕೊಂಡು ಹಾಡುತ್ತಿದ್ದಳು. ಮುಂದೆ ಒಂದು ಲಾರಿಯ ಕೆಂಪು ದೀಪ ಹೊತ್ತಿತು. ನಾನು ಬ್ರೇಕ್ ಒತ್ತಿದೆ.

ಏನೂ ಆಗಲಿಲ್ಲ. ಅದೇ ಅದರ ಭಯಂಕರ. ಕಾಲು ಒತ್ತಿದೆ, ಪೆಡಲು ಕಟಕಟ ಅಂತ ಪಾದಕ್ಕೆ ಬಡಿಯಿತು, ಕಾರು ಇದ್ದ ವೇಗದಲ್ಲೇ ಹೋಗುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದೆ. ಆಗ ಬೆಟ್ಟ, ಆಕಾಶ, ಲಾರಿ ಎಲ್ಲ ಎಡದಿಂದ ಬಲಕ್ಕೆ ಓಡಿದವು. ಬಾಲ ಮೊದಲು ಕಬ್ಬಿಣದ ತಡೆಗೆ ಬಡಿಯಿತು, ಆಮೇಲೆ ಮೂತಿ. ಗಾಳಿಚೀಲ ಸಿಡಿದು ನನ್ನ ಮೂಗಿನ ಮೂಳೆ ಮುರಿದ ಸದ್ದು ತಲೆಯೊಳಗೇ ಕೇಳಿತು. ಹಿಂದಿನ ಕಿಟಕಿ ಪುಡಿಪುಡಿಯಾಗಿ ಒಳಗೆ ಸುರಿಯಿತು. ಹಾಡು ನಿಂತಿತ್ತು. ತಿರುಗಿ ನೋಡಿದರೆ ಪುಟ್ಟಿಯ ಬಾಯಿ ತುಂಬ ರಕ್ತ, ಗಲ್ಲದಿಂದ ಮಡಿಲಿಗೆ ಬಿದ್ದಿದ್ದ ಕಿರೀಟದ ಮೇಲೆ ಸುರಿಯುತ್ತಿತ್ತು. ನಾಲಿಗೆ ಕಚ್ಚಿಕೊಂಡಿದ್ದಳು. ಒಂದು ಭುಜ ಜೋತುಬಿದ್ದಿತ್ತು. "ಪುಟ್ಟೀ, ಪುಟ್ಟೀ" ಅಂತ ನಾನು ಕಿರುಚಿದ ಕಿರುಚಾಟಕ್ಕೆ ಲಾರಿಯವನು ಓಡಿಬಂದು, ಜಾರಿ ಬಿದ್ದು, ತೆವಳಿಕೊಂಡೇ ಬಾಗಿಲ ತನಕ ಬಂದ. ಆ ಸೇತುವೆಯ ಮೇಲೆ ಮನುಷ್ಯನ ಕಾಲೂ ನಿಲ್ಲುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೊರೊನಾ ಪರೀಕ್ಷೆಯ ಫಲಿತಾಂಶ ಬರುವ ತನಕ ತಾಯಿಯನ್ನು ಮಗುವಿನ ಹತ್ತಿರ ಬಿಡಲಿಲ್ಲ. ಕತ್ತಿನ ಕೆಳಗಿನ ಮೂಳೆ ಮುರಿದಿದ್ದ, ನಾಲಿಗೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ನಾಲ್ಕು ವರ್ಷದ ಮಗು ಒಂದು ಗೋಡೆಯಾಚೆ. ಅವಳು ಜಪಾನಿಯಲ್ಲಿ "ನೋವು, ನೋವು" ಅಂತ ಕೂಗಿ, ಅದಕ್ಕೆ ಯಾರೂ ಬರದಿದ್ದಾಗ ಕನ್ನಡದಲ್ಲಿ "ಅಮ್ಮಾ ಬಾ, ಅಮ್ಮಾ ಬಾ" ಅಂತ ಶುರು ಮಾಡಿದಳು. ಅಲ್ಲಿಯವರೆಗೆ ಅವಳ ಬಾಯಲ್ಲಿ ಅಷ್ಟು ಶುದ್ಧ ಕನ್ನಡ ನಾನು ಕೇಳಿರಲಿಲ್ಲ. ನಾನು ಗೋಡೆಗೆ ತಲೆ ಚಚ್ಚಿಕೊಂಡೆ. ನರ್ಸು ಸುಮಿಮಾಸೆನ್, ಸುಮಿಮಾಸೆನ್, ಕ್ಷಮಿಸಿ ಅನ್ನುತ್ತ ನನ್ನನ್ನು ಹಿಡಿದುಕೊಂಡಿದ್ದಳು. ನನ್ನ ಗಂಡ ಹೊರಗೆ ಹಿಮದಲ್ಲಿ ನಿಂತು ಕಿಟಕಿ ಕಿಟಕಿಯನ್ನೂ ನೋಡುತ್ತಿದ್ದ, ನಾವು ಯಾವುದರ ಹಿಂದೆ ಇದ್ದೇವೆಂದು ಅವನಿಗೆ ಗೊತ್ತಿರಲಿಲ್ಲ.

ಹತ್ತು ದಿನದ ಮೇಲೆ ಮೂಗಿಗೆ ಪಟ್ಟಿ ಹಾಕಿಸಿಕೊಂಡು ತ್ಸುಕುಬಾಕ್ಕೆ ವಾಪಸ್ ಬಂದೆ. ಮೂಳೆ ಕೂಡುವ ತನಕ ಪುಟ್ಟಿ ಅಪ್ಪನ ಹತ್ತಿರವೇ ಉಳಿದಳು. ಇನ್ಶೂರೆನ್ಸಿನವರು ಕಾರನ್ನು ರಿಪೇರಿಗೆಂದು ಇಲ್ಲಿನ ಒಂದು ಗ್ಯಾರೇಜಿಗೆ ಸಾಗಿಸಿದ್ದರು. ಅದು ಇದ್ದದ್ದು ಸರಿಯಾಗಿ ತೆನ್‌ಚೋ-ಸಾನ್ ಅಂಗಡಿಯ ಪಕ್ಕದಲ್ಲಿ. ಕಾರಿನೊಳಗೆ ಉಳಿದಿದ್ದ ಪುಟ್ಟಿಯ ಒಂದು ಶೂ ತರಲು ತಲೆ ತಗ್ಗಿಸಿಕೊಂಡು ಹೋದೆ. ಕಾರು ಕಟ್ಟಿಗೆಯ ದಿಮ್ಮಿಗಳ ಮೇಲೆ ನಿಂತಿತ್ತು, ಚಕ್ರ ಇರಲಿಲ್ಲ. ಪಕ್ಕದ ಅಂಗಳದಿಂದ ಧಡ್, ಧಡ್ ಅಂತ ಸದ್ದು ಬರುತ್ತಿತ್ತು.

ತೆನ್‌ಚೋ-ಸಾನ್ ಕೊಡಲಿ ಹಿಡಿದು ನನ್ನ ಟೈರುಗಳನ್ನು ಕೊಚ್ಚುತ್ತಿದ್ದರು.

ಟೈರನ್ನು ಕೊಚ್ಚುವುದು ಹುಡುಗಾಟವಲ್ಲ. ನೆಲಕ್ಕೆ ತಾಗುವ ಮುಖದ ಮೇಲೆ ಹೊಡೆದರೆ ಕೊಡಲಿ ಚೆಂಡಿನಂತೆ ವಾಪಸ್ ಹಾರುತ್ತದೆ, ಒಳಗೆ ತಂತಿ ಇದೆ. ಅವರು ಪಕ್ಕೆಗೆ ಹೊಡೆಯುತ್ತಿದ್ದರು. ಒಂದೊಂದು ಏಟಿಗೂ ಏದುಸಿರು, ಒಂದೊಂದು ಏಟಿಗೂ ಬೈಗುಳ. ಮಗುವಿಗೆ ಪೆಟ್ಟಾದ ಸುದ್ದಿ ಗ್ಯಾರೇಜಿನವನಿಂದ ಕೇಳಿ ತಾವೇ ಚಕ್ರ ಬಿಚ್ಚಿಕೊಂಡು ಬಂದಿದ್ದರಂತೆ. ಟೋಪಿ ಬಿದ್ದಿತ್ತು, ಮಾಸ್ಕು ಬಲಗಿವಿಯಿಂದ ನೇತಾಡುತ್ತಿತ್ತು, ಅರ್ಧ ಕಿವಿ ಕಪ್ಪುನೇರಳೆ ಆಗಿತ್ತು. ನಾನು "ಅದು ನನ್ನ ಟೈರು!" ಅಂತ ಚೀರಿದೆ.

"ನಿನ್ನದೇ" ಅಂದರು. ಕೊಡಲಿಯನ್ನು ನನ್ನ ಕೈಗೆ ತುರುಕಿದರು.

ನಾನು ಹೊಡೆದೆ. ದೇವರಾಣೆ, ಹುಚ್ಚು ಹಿಡಿದವಳ ಹಾಗೆ ಹೊಡೆದೆ. ನನ್ನ ಡಾಕ್ಟರೇಟಿಗೆ ಒಂದು, ಬಣ್ಣ ಹಚ್ಚಿದ ಪಟ್ಟಿಗೆ ಒಂದು, ಆ ಹಾರ್ನಿಗೆ ಎರಡು. ಮುರಿದ ಮೂಗಿನಿಂದ ಮತ್ತೆ ರಕ್ತ ಸೋರಿ ಪಟ್ಟಿ ಒದ್ದೆಯಾಯಿತು. ಕಡೆಗೆ ಕೈ ಸೋತು ಕೊಡಲಿ ಬಿದ್ದಾಗ ಅವರು ಕತ್ತಿನ ಟವೆಲ್ಲು ತೆಗೆದು ನನಗೆ ಕೊಟ್ಟರು. ಆ ಕೊಳಕಿನಲ್ಲೇ ಮುಖ ಒರೆಸಿಕೊಂಡೆ. 'ನಾನು ಹೇಳಿರಲಿಲ್ಲವಾ' ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ಅಂದಿದ್ದರೆ ಆ ಕೊಡಲಿ ಎತ್ತಿ ಅವರ ಮೇಲೇ ಬೀಸುತ್ತಿದ್ದೆನೋ ಏನೋ.

"ಟೈರಿನ ತಪ್ಪಿಲ್ಲ, ಹಾಕಸೆ" ಅಂದರು. ಹಾಕಸೆ ಅಂದರೆ ಡಾಕ್ಟರೇಟ್ ಮಾಡಿದವರು. ಮೊದಲ ದಿನ ಅದನ್ನೇ ಅಣಕದಲ್ಲಿ ಅಂದಿದ್ದರು, ಈಗ ಅಣಕ ಇರಲಿಲ್ಲ. "ಒಳ್ಳೇ ಟೈರೇ ಇದು. ಈ ಊರೊಳಗೆ ಓಡಿಸೋರಿಗೆ ನಾನೇ ಹಾಕಿಕೊಡ್ತೀನಿ. ನಿನ್ನ ದಾರಿಗೆ ಆಗಲ್ಲ ಅಷ್ಟೇ."

ಹಿಂದಿನ ಶೆಡ್ಡಿನ ಕಡೆ ಕೈ ತೋರಿಸಿದರು. ಅಲ್ಲಿ ನೆಲದಿಂದ ಸೂರಿನವರೆಗೆ ಗಿರಾಕಿಗಳ ಚಕ್ರಗಳು, ಒಂದರ ಮೇಲೊಂದು. "ಚಕ್ರ ಇಡೋಕೆ ಜಾಗ ಇಲ್ಲ ಅಂತ ನೀನು ಅವತ್ತು ಬೈತಾ ಬೈತಾ ಎರಡು ಸಲ ಅಂದೆ. ನನ್ನ ಹತ್ತಿರ ಜಾಗ ಇತ್ತು. ಇಲ್ಲಿಡು ಅಂತ ಒಂದು ಮಾತು ಹೇಳಲಿಲ್ಲ ನಾನು. ಕೂಗಿದೆ."

ಆಮೇಲೆ ಕಿವಿ ಮುಟ್ಟಿಕೊಂಡರು. ಅವರೂ ಅವರ ತಮ್ಮನೂ ಸೇರಿ ನಡೆಸುತ್ತಿದ್ದ ಅಂಗಡಿಯಂತೆ ಅದು. ತಮ್ಮನಿಗೆ ಆಗ ಮೂವತ್ತಾರು, ಮದುವೆಯಾಗಿದ್ದ. ಒಂದು ದಿನ ಲಾರಿಯ ಟೈರಿಗೆ ಗಾಳಿ ತುಂಬುತ್ತಿದ್ದ. ಎಷ್ಟು ತುಂಬಬೇಕು ಅಂತ ಅಣ್ಣನನ್ನು ಒಂದು ಸಲ ಕೇಳಿದ. ಅಣ್ಣ ಬೇರೇನೋ ಕೆಲಸದಲ್ಲಿದ್ದವರು, ಇಷ್ಟು ವರ್ಷ ಆದ್ರೂ ಗೊತ್ತಿಲ್ವಾ ಕತ್ತೆ ಅಂತ ಅಂಗಡಿ ಹಾರಿಹೋಗುವ ಹಾಗೆ ಕೂಗಿದರು. ತಮ್ಮ ಎರಡನೇ ಸಲ ಕೇಳಲಿಲ್ಲ. ಅಂದಾಜಿನ ಮೇಲೆ ತುಂಬುತ್ತ ಹೋದ. ಟೈರು ಸಿಡಿದು, ಅದನ್ನು ರಿಮ್ಮಿಗೆ ಹಿಡಿದಿಡುವ ಕಬ್ಬಿಣದ ಬಳೆ ಹಾರಿತು. ಅದು ಮೊದಲು ತಮ್ಮನ ಎದೆಗೆ ಬಡಿದು, ಅಲ್ಲಿಂದ ಹಾರಿ ಅಣ್ಣನ ಕಿವಿಯನ್ನು ಹರಿದುಕೊಂಡು ಹೋಯಿತು.

"ನನಗೆ ಅರ್ಧ ಕಿವಿ ಹೋಯ್ತು. ಅವನು ಅಲ್ಲೇ ಹೋದ" ಅಂದರು. "ಆಮೇಲಾದರೂ ಕೂಗೋದು ಬಿಟ್ಟೆನಾ? ಇಲ್ಲ. ಈಗ ನಿನ್ನ ಮಗು. ಕೂಗಬಾರದಿತ್ತು, ತೋರಿಸಬೇಕಿತ್ತು. ಒಂದು ಬಕೆಟ್ ನೀರು ಸಾಕಾಗಿತ್ತು."

ನನಗೆ ಅಳು ಬಂತೋ ಸಿಟ್ಟು ಬಂತೋ ಇವತ್ತಿಗೂ ಹೇಳಲಾರೆ. ತಪ್ಪು ನನ್ನದು ಅಂತ ಹತ್ತು ದಿನದಿಂದ ನನ್ನನ್ನೇ ಕಚ್ಚಿ ತಿನ್ನುತ್ತಿದ್ದೆ. ಈ ಮನುಷ್ಯ ಬಂದು ಅದರಲ್ಲಿ ಪಾಲು ಕೇಳುತ್ತಿದ್ದಾನೆ. "ನಿಮ್ಮದೇನಿದೆ ಬಿಡಿ" ಅನ್ನಲು ಬಾಯಿ ಬರಲಿಲ್ಲ. ಯಾಕೆಂದರೆ ನಿಜವಾಗಿಯೂ ಸ್ವಲ್ಪ ಇತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಬಾ ಅಂದಿದ್ದರು. ಸಂಜೆಯೇ ಇಳಿಜಾರು ಅಂಗಳಕ್ಕೆ ನೀರು ಹೊಯ್ದು ಹೆಪ್ಪುಗಟ್ಟಲು ಬಿಟ್ಟಿದ್ದರು. ಬಿಸಿಲು ತಾಗಿ ಮೇಲ್ಮೈ ಬೆವರಲು ಶುರುವಾಗುವ ತನಕ ಇಬ್ಬರೂ ಕೊಂಬಿನಿಯಿಂದ, ಅಂದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿಯಿಂದ, ತಂದ ಕಾಫಿ ಕುಡಿಯುತ್ತ ಕಾದೆವು. ಅವರ ಹಳೆಯ ವ್ಯಾನಿಗೆ ನನ್ನಂಥವೇ ಆಲ್-ಸೀಸನ್ ಹಾಕಿದ್ದರು. ನಡೆಯುವ ವೇಗದಲ್ಲಿ ಓಡಿಸಿ ಬ್ರೇಕ್ ಒತ್ತು ಅಂದರು. ಒತ್ತಿದೆ. ವ್ಯಾನು ತಣ್ಣಗೆ, ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಗಿ ಹಳೇ ಟೈರುಗಳ ರಾಶಿಗೆ ಗುದ್ದಿತು. ನನಗೆ ಬಾಗಿಲು ತೆಗೆಯಲೂ ಆಗಲಿಲ್ಲ. ಸೇತುವೆ ಮತ್ತೆ ಕಣ್ಣ ಮುಂದೆ ಬಂತು. ಅವರು ಕಾದರು. ಆಮೇಲೆ ಸ್ಟಡ್‌ಲೆಸ್ ಹಾಕಿ ಅದನ್ನೇ ಮಾಡಿಸಿದರು. ಅದೂ ಜಾರಿತು. ಎರಡು ಮಾರು ಜಾರಿ ನಿಂತಿತು.

"ನೋಡಿದೆಯಾ, ಇದೂ ಜಾರುತ್ತೆ. ಇದನ್ನೂ ಪೂರ್ತಿ ನಂಬಬೇಡ" ಅಂದರು. ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ, ಮೂಡಿದ ಗುರುತು ತೋರಿಸಿದರು. "ಚಳಿಯಲ್ಲೂ ಇಷ್ಟು ಮೆತ್ತಗಿರಬೇಕು. ಅದಕ್ಕಿಂತ ಹೆಚ್ಚಾಗಿ, ಮಂಜುಗಡ್ಡೆಯ ಮೇಲಿನ ನೀರನ್ನು ಇದು ಹೀರಬೇಕು. ನಿನ್ನ ಕೋಣೆಯಲ್ಲಿ ನೀರು ಇತ್ತಾ?"

ಇರಲಿಲ್ಲ. ಮೈನಸ್ ಹದಿನೈದರಲ್ಲಿ ಮಂಜುಗಡ್ಡೆ ಕಲ್ಲಿನಂತೆ ಒಣಗಿರುತ್ತದೆ, ರಬ್ಬರು ಚೆನ್ನಾಗಿ ಹಿಡಿಯುತ್ತದೆ. ಸೊನ್ನೆಗೆ ಬಂದರೆ ಅದು ಬೆವರುತ್ತದೆ, ಅಂಕಿಗಳು ಚೆಲ್ಲಾಪಿಲ್ಲಿಯಾಗುತ್ತವೆ, ಗ್ರಾಫು ಅಸಹ್ಯವಾಗುತ್ತದೆ. ಅದಕ್ಕೇ ನಾವು ಸೊನ್ನೆಯ ಹತ್ತಿರ ಅಳೆಯುತ್ತಲೇ ಇರಲಿಲ್ಲ. ಸೇತುವೆಯ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಇರುವುದು ಆ ಸೊನ್ನೆಯೇ. ಅಂದವಾದ ಗ್ರಾಫಿನ ಆಸೆಗೆ ಮಗುವಿನ ಮೂಳೆ ಮುರಿದವಳು ನಾನು. ಇದನ್ನು ಯಾವ ಪ್ರಬಂಧದಲ್ಲೂ ಬರೆಯಲಾಗದು, ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿಂದ ನನ್ನ ಸ್ಟಡ್‌ಲೆಸ್ ಚಕ್ರಗಳಿಗೆ ಅವರ ಶೆಡ್ಡೇ ಮನೆ. ಬಿಚ್ಚಿದ ಪ್ರತಿ ಚಕ್ರದ ಮೇಲೂ ಬಿಳಿ ಕ್ರೇಯಾನಿನಲ್ಲಿ ಬರೆದಿಡುವುದು ಅವರ ಪದ್ಧತಿ. ಗಿರಾಕಿಯ ಹೆಸರು, ಮುಂದೆ ಎಡ, ಹಿಂದೆ ಬಲ, ಅದರ ಕೆಳಗೆ ತಮಗೆ ನೆನಪಿರಬೇಕಾದ ಒಂದು ಮಾತು. 'ಬ್ರೇಕ್ ಜೋರು', 'ಕಿವಿ ಮಂದ', 'ಹೆಂಡತಿ ಓಡಿಸುತ್ತಾರೆ' ಅಂತೆಲ್ಲ. ಮುಂದಿನ ಚಳಿಗಾಲದಲ್ಲಿ ನಾನೇ ತ್ಸುಕುಬಾದ ಕನ್ನಡದವರನ್ನೆಲ್ಲ ಅವರ ಅಂಗಳಕ್ಕೆ ಕರೆತಂದೆ. ಹಿಮ ನೋಡಲು ನಾಗಾನೋ, ಐಜು ಅಂತ ಹೊರಡುವ ಸಾಫ್ಟ್‌ವೇರಿನವರು, ಸಂಶೋಧನೆಯ ಹುಡುಗರು, ಎಲ್ಲರ ಕೈಯಲ್ಲೂ ನನ್ನಂಥದೇ ಪಟ್ಟಿ. ತೆನ್‌ಚೋ-ಸಾನ್ ಮೂರು ಪ್ರಶ್ನೆ ಕೇಳುವರು, ನಾನು ಕನ್ನಡದಲ್ಲಿ ಹೇಳುವೆ. ಊರೊಳಗೆ ಆಫೀಸಿಗೆ ಹೋಗಿಬರುವವರಿಗೆ, ಹಿಮ ಬಿದ್ದ ದಿನ ಮನೆಯಲ್ಲೇ ಇರುವವರಿಗೆ ಆಲ್-ಸೀಸನ್ ಸಾಕು ಅಂತ ಅವರೇ ಹಾಕಿಕೊಡುವರು. ಬೆಟ್ಟ ಹತ್ತುವವರನ್ನು ವ್ಯಾನಿಗೆ ಹತ್ತಿಸಿ ಮಂಜುಗಡ್ಡೆಯ ಮೇಲೆ ಬ್ರೇಕ್ ಒತ್ತಿಸುವರು.

ಕೂಗಬಾರದು ಅಂತ ಅವರು ಪಡುತ್ತಿದ್ದ ಪಾಡು ನೋಡಬೇಕಿತ್ತು. ಬೆಂಗಳೂರಿನ ಒಬ್ಬ ಹುಡುಗ, "ಮೇಡಂ, ಅಜ್ಜಂಗೆ ಹೇಳಿ, ನಮ್ಮ ಕಾರಲ್ಲಿ ಫೋರ್ ವೀಲ್ ಡ್ರೈವ್ ಇದೆ, ಬೇಸಿಗೆ ಟೈರಲ್ಲೇ ಮ್ಯಾನೇಜ್ ಮಾಡ್ಬೋದು" ಅಂದ. ನಾನು ಅನುವಾದಿಸಿದೆ. ತೆನ್‌ಚೋ-ಸಾನ್ ಮುಖ ಕೆಂಪಾಗಿ, ಕತ್ತಿನ ನರ ಹಗ್ಗದಂತೆ ಉಬ್ಬಿತು. ಟವೆಲ್ಲಿನ ತುದಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದು ಶೆಡ್ಡಿನ ಹಿಂದೆ ಹೋದರು. ಅಲ್ಲಿಂದ ಯಾವುದೋ ಡಬ್ಬಿಯನ್ನು ಒದ್ದ ಸದ್ದು, ಮತ್ತೊಂದು ಸಲ ಒದ್ದ ಸದ್ದು. ವಾಪಸ್ ಬಂದು ಮೆತ್ತಗೆ, "ಹತ್ತಿ ನೋಡು" ಅಂದರು. ಹುಡುಗ ಹತ್ತಿದ. ಟೈರಿನ ರಾಶಿಗೆ ಗುದ್ದಿ ಇಳಿದಾಗ ಅವನ ಮುಖ ಬೂದಿಯಾಗಿತ್ತು. ಏನೂ ಹೇಳಬೇಕಾಗಿ ಬರಲಿಲ್ಲ.

ಪುಟ್ಟಿ ಮಾತ್ರ ಅವರ ಹತ್ತಿರ ಹೋಗುತ್ತಿರಲಿಲ್ಲ. ಕಾರಿನ ಕಿಟಕಿಯಿಂದಲೇ ನೋಡುತ್ತಿದ್ದಳು. ಅವರು ದೂರದಲ್ಲೇ ನಿಂತು ಟೋಪಿ ತೆಗೆದು ಅವಳಿಗೆ ತಲೆ ಬಾಗಿಸುತ್ತಿದ್ದರು, ದೊಡ್ಡವರಿಗೆ ಬಾಗಿಸಿದ ಹಾಗೆ.

ಅದರ ಮುಂದಿನ ಬೇಸಿಗೆಯ ಅಲೆಯಲ್ಲಿ ಅವರು ಹೋದರು. ಆಸ್ಪತ್ರೆಗೆ ಸೇರಿದ ಆರನೇ ದಿನ, ಕೊರೊನಾ. ಹೆಂಡತಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಒಂದು ಸಲ ಫೋನಿನಲ್ಲಿ ಮಾತಾಡಿಸಿದರಂತೆ, ಆಮ್ಲಜನಕದ ಮುಖವಾಡ ಎಡಗಡೆ ನಿಲ್ಲುತ್ತಿಲ್ಲ ಅಂತ ನರ್ಸಿಗೆ ಬೈಯುತ್ತಿದ್ದರಂತೆ. ಅಂತ್ಯಕ್ರಿಯೆಗೆ ಮನೆಯವರು ಬಿಟ್ಟು ಯಾರೂ ಇಲ್ಲ. ಸುದ್ದಿ ತಿಳಿದಾಗ ನಾನು ಶೀತಕೋಣೆಯಲ್ಲಿದ್ದೆ. ಈಗ ನಾವು ಸೊನ್ನೆಯಲ್ಲೂ ಅಳೆಯುತ್ತೇವೆ, ನೀರಿನ ಪೊರೆಯ ಸಮೇತ, ಗ್ರಾಫು ಎಷ್ಟು ಅಸಹ್ಯವಾದರೂ. ಬಾಗಿಲು ಹಾಕಿಕೊಂಡು ಅಲ್ಲೇ ಅತ್ತೆ. ಇಂಥ ಒರಟನಿಗಾಗಿ ಇಷ್ಟು ಅಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ಅವರ ಹೆಂಡತಿ ಫೋನ್ ಮಾಡಿದರು. ಶೆಡ್ಡು ಖಾಲಿ ಮಾಡುತ್ತಿದ್ದೇವೆ, ನಿಮ್ಮ ಚಕ್ರ ತೆಗೆದುಕೊಂಡು ಹೋಗಿ. ಪುಟ್ಟಿಯನ್ನೂ ಕರೆದುಕೊಂಡು ಹೋದೆ. ಅವಳಿಗೆ ಆರು ತುಂಬಿ ಶಾಲೆಗೆ ಸೇರಿದ್ದಳು, ಕಂಡದ್ದನ್ನೆಲ್ಲ ಜೋರಾಗಿ ಓದುವ ಕಾಲ. ನಮ್ಮ ನಾಲ್ಕು ಚಕ್ರ ಗೋಡೆಗೆ ಒರಗಿದ್ದವು. ಬಿಳಿ ಕ್ರೇಯಾನಿನಲ್ಲಿ ನನ್ನ ಹೆಸರು, ಮುಂದೆ ಎಡ, ಹಿಂದೆ ಬಲ. ಅದರ ಕೆಳಗೆ ನಾಲ್ಕರ ಮೇಲೂ, ಮಕ್ಕಳಿಗೂ ಓದಲು ಬರುವ ಸುಲಭದ ಅಕ್ಷರದಲ್ಲಿ, ಒಂದೇ ಮಾತು.

ಪುಟ್ಟಿ ಬೆರಳಿಟ್ಟು ಓದಿದಳು. "ದೊ-ನಾ-ರು-ನಾ." ನನ್ನ ಕಡೆ ತಿರುಗಿದಳು. "ಅಮ್ಮಾ, ಕೂಗಬೇಡ ಅಂತ ಇದೆ. ನಿನಗಾ?"

ಅವರ ಹೆಂಡತಿ ಕಣ್ಣೊರೆಸಿಕೊಂಡು, "ಇಲ್ಲ ಮಗು, ಅದು ಅವರಿಗೇ" ಅಂದರು. "ನಿಮ್ಮ ಚಕ್ರ ಎತ್ತೋ ಮುಂಚೆ ಪ್ರತಿ ಸಲ ನಿಂತು ಒಂದು ಸಲ ಓದ್ಕೊಳ್ತಿದ್ರು. ಬೇರೆ ಯಾರ ಚಕ್ರದ ಮೇಲೂ ಹೀಗೆ ಬರೆದಿಲ್ಲ."

ಚಕ್ರ ಹಾಕಿಸಲು ಬೇರೆ ಅಂಗಡಿಗೆ ಹೋದೆವು. ಅಲ್ಲಿನವನು ಶುದ್ಧ ಮರ್ಯಾದೆಯವನು. ಯಾವ ದಾರಿ ಅಂತ ಕೇಳಲಿಲ್ಲ, ಹಿಂದಿನ ಸೀಟಿನ ಕಡೆ ನೋಡಲಿಲ್ಲ. ಒದ್ದೆ ಬಟ್ಟೆ ತಂದು ಮೊದಲ ಚಕ್ರದ ಮೇಲಿನ ಅಕ್ಷರವನ್ನು ಒರೆಸಲು ಶುರು ಮಾಡಿಯೇಬಿಟ್ಟ. ನನ್ನ ಮೈಯೆಲ್ಲ ಉರಿಯಿತು. ಕೂಗಲು ಬಾಯಿ ತೆರೆದೆ. ಪುಟ್ಟಿ ನನ್ನ ಕೋಟು ಎಳೆದು, ಉಳಿದ ಮೂರು ಚಕ್ರದ ಕಡೆ ಬೆರಳು ತೋರಿಸಿದಳು.

ಬಾಯಿ ಮುಚ್ಚಿದೆ. ಹತ್ತಿರ ಹೋಗಿ ಅವನ ಕೈಯಿಂದ ಬಟ್ಟೆ ತೆಗೆದುಕೊಂಡೆ. ಆ ಅಕ್ಷರ ಯಾರು ಬರೆದದ್ದು, ಯಾಕೆ ಬರೆದದ್ದು ಅಂತ ನಿಧಾನವಾಗಿ ಹೇಳಿದೆ. ಅವನು ಉಳಿದ ಮೂರನ್ನು ಒರೆಸದೆ ಹಾಕಿದ.